ಚದರಡಿಗಿಷ್ಟು ಕೆರೆ

ಬೆಂಗಳೂರಿನ ಬಿಲ್ಡರುಗಳ ದರಪಟ್ಟಿಯನ್ನು ಪುರುಸೊತ್ತಿನಲ್ಲಿ ಓದಬೇಕು. ಪೂರ್ವಕ್ಕೆ ಬಾಗಿಲಿದ್ದರೆ ಇಷ್ಟು, ಮೂಲೆಯ ಮನೆಯಾದರೆ ಇಷ್ಟು, ಮೇಲೆ ಹೋದಂತೆಲ್ಲ ಮಹಡಿಗಿಷ್ಟು ಅಂತ ಬರೆದಿರುತ್ತಾರೆ. ಸೂರ್ಯ, ಗಾಳಿ, ಎತ್ತರ ಎಲ್ಲಕ್ಕೂ ಅಲ್ಲಿ ಬೆಲೆ ಕಟ್ಟಿದೆ. ಎಲ್ಲಕ್ಕಿಂತ ದುಬಾರಿ ಸಾಲು ಕೊನೆಯದು: ಲೇಕ್ ವ್ಯೂ, ಚದರಡಿಗೆ ಇಷ್ಟು. ಈ ಚದರಡಿ ಕೆರೆಯದಲ್ಲ, ನಮ್ಮ ಮನೆಯದು. ಹಾಗಾಗಿ ಕೆರೆ ಕಾಣದ ಬಚ್ಚಲಿಗೂ, ಕಿಟಕಿಯೇ ಇಲ್ಲದ ದೇವರ ಮನೆಗೂ, ಪೊರಕೆ ಇಡುವ ಮೂಲೆಗೂ ಕೆರೆಯ ದರವೇ. ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕುತ್ತಲೇ ಕೂದಲು ಬೆಳ್ಳಗಾದ ನನಗೆ ಈ ಲೆಕ್ಕದ ಚಮತ್ಕಾರ ಅರ್ಥವಾಗದೆ ಇರಲಿಲ್ಲ. ಆದರೆ ನಾನು ಕೋಲಾರದ ಕಡೆಯವನು. ಏಪ್ರಿಲ್ ತಿಂಗಳಲ್ಲಿ ತುಂಬಿದ ಕೆರೆ ತೋರಿಸಿದರೆ ಕೋಲಾರದವನು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಅದಕ್ಕೇ ಹಿರಿಯರು ಇಳಿಜಾರು ಕಂಡಲ್ಲೆಲ್ಲ ಏರಿ ಕಟ್ಟಿ ಮಳೆಯನ್ನು ಹಿಡಿದಿಟ್ಟರು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ಮುಂಚಿನ ಕೋಲಾರದಲ್ಲಿ 4,000ಕ್ಕೂ ಮೇಲ್ಪಟ್ಟು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮೂರ ಕೆರೆ ಕೋಡಿ ಬಿದ್ದ ದಿನ ಶಾಲೆಗೆ ರಜೆ ಅಂತ ಯಾರೂ ಹೇಳುತ್ತಿರಲಿಲ್ಲ. ಮೇಷ್ಟ್ರೇ ಏರಿಯ ಮೇಲೆ ನಿಂತಿರುತ್ತಿದ್ದರು. ಗಂಗಮ್ಮನಿಗೆ ಪೂಜೆ, ಕೆರೆಗೆ ಬಾಗಿನ, ಊರಿಗೆಲ್ಲ ಊಟ. ಆಮೇಲೆ ಕಾಲುವೆಗಳು ಮುಚ್ಚಿದವು, ಹೂಳು ತುಂಬಿತು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ಜಾಲಿ ಇಲ್ಲದ ಕಡೆ ಹುಡುಗರು ಕ್ರಿಕೆಟ್ ಪಿಚ್ ಮಾಡಿಕೊಂಡರು. ಅಂಥ ಊರಿನಿಂದ ಬಂದವನ ಎದುರು ದಲ್ಲಾಳಿ ಬಾಲ್ಕನಿಯ ಗಾಜಿನ ಬಾಗಿಲು ಸರಿಸಿ, "ಸಾರ್, ಬೆಳಿಗ್ಗೆ ಇಲ್ಲಿ ಕಾಫಿ ಹಿಡ್ಕೊಂಡು ನಿಂತ್ರೆ ಸ್ವಿಟ್ಜರ್ಲೆಂಡೇ" ಎಂದ. ಅವನೂ ಸ್ವಿಟ್ಜರ್ಲೆಂಡ್ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಮಾತುಕತೆ ಸುಸೂತ್ರವಾಗಿ ಮುಗಿಯಿತು.

ಮಳೆಯಿಲ್ಲದ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೆರೆ ತುಂಬಿರುವ ಪವಾಡಕ್ಕೆ ಸರಳ ವಿವರಣೆಯಿದೆ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಂತಹಂತವಾಗಿ ಮೇಲಕ್ಕೆ ಪಂಪು ಮಾಡಿ ನಗರಕ್ಕೆ ತರುತ್ತಾರೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಬಳಸಿದ ಮೇಲೆ ಚರಂಡಿ ಸೇರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಕೊಳವೆ ಸಿಕ್ಕಿದ್ದು ಒಳಚರಂಡಿಗೆ ಹೋಗುತ್ತದೆ, ಸಿಗದ್ದು ರಾಜಕಾಲುವೆಗೆ. ರಾಜಕಾಲುವೆ ಹುಟ್ಟಿದ್ದು ಮಳೆನೀರಿಗಾಗಿ. ಆದರೆ ಅದು ಯಾರ ಜಾತಿಯನ್ನೂ ಕೇಳದೆ ಎಲ್ಲ ನೀರನ್ನೂ ಕೆರೆಗೆ ಕರೆತರುತ್ತದೆ. ತಲಕಾವೇರಿಯಲ್ಲಿ ತೀರ್ಥವಾಗಿ ಹೊರಟದ್ದು ಹೀಗೆ ಹತ್ತಾರು ಬಚ್ಚಲು ಸುತ್ತಿ ನಮ್ಮ ಬಾಲ್ಕನಿಯ ಎದುರು ಲೇಕ್ ವ್ಯೂ ಆಗಿ ನಿಲ್ಲುತ್ತದೆ. ನಾವು ಚದರಡಿಗೆ ದುಡ್ಡು ಕೊಟ್ಟು ನೋಡುತ್ತಿರುವುದು ನಿನ್ನೆ ನಾವೇ ಮಿಂದ ನೀರನ್ನು.

ಬ್ರೋಚರಿನಲ್ಲಿ ಈಜುಕೊಳ, ಜಿಮ್, ಕ್ಲಬ್ ಹೌಸ್ ಎಲ್ಲವೂ ಇದ್ದವು. ಕೆರೆ ತನ್ನ ಪಾಲಿನಿಂದ ಪುಕ್ಕಟೆಯಾಗಿ ಒದಗಿಸುವ ಸೌಲಭ್ಯಗಳ ಪಟ್ಟಿ ಮಾತ್ರ ಇರಲಿಲ್ಲ. ಅವು ತಿಂಗಳಿಗೊಂದು ಬಗೆ.

ಡಿಸೆಂಬರ್, ಜನವರಿಯ ಬೆಳಗು ದಲ್ಲಾಳಿಯ ಮಾತನ್ನು ನಿಜ ಮಾಡುತ್ತದೆ. ಹಗಲ ಬಿಸಿಲು ಕುಡಿದ ನೀರು ರಾತ್ರಿ ಅಷ್ಟು ಬೇಗ ತಣಿಯುವುದಿಲ್ಲ. ಅದರ ಮೇಲಿನ ಗಾಳಿ ತಣಿದಿರುತ್ತದೆ. ನೀರಿನಿಂದ ಎದ್ದ ತೇವ ಆ ಚಳಿಗೆ ಸಿಕ್ಕಿ ಮಂಜಾಗಿ ಮೊಣಕಾಲೆತ್ತರಕ್ಕೆ ತೇಲುತ್ತದೆ. ಆ ಎರಡು ತಿಂಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳೇ ಫೋಟೋಗಳು. ಮನೆ ಮಾರಬೇಕೆಂದಿರುವವರು ಗಿರಾಕಿಗಳನ್ನು ಕರೆಯುವುದೂ ಆಗಲೇ.

ಮಾರ್ಚಿಗೆ ಕೆರೆ ಹಸಿರಾಗುತ್ತದೆ. ಹಸಿರು ಕಂಡರೆ ಪರಿಸರ ಚೆನ್ನಾಗಿದೆ ಎಂದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ಪಾಚಿ. ಚರಂಡಿಯ ಸಾರಜನಕ, ಬಟ್ಟೆ ಒಗೆಯುವ ಪುಡಿಯ ರಂಜಕ, ಬೇಸಿಗೆಯ ಬಿಸಿಲು ಮೂರೂ ಸೇರಿದರೆ ಅದಕ್ಕೆ ಹಬ್ಬ. ಬ್ಯಾಂಕಿನವನಾಗಿ ನನಗೆ ಇದು ಉಳಿತಾಯ ಖಾತೆಯ ವ್ಯವಹಾರದಂತೆ ಕಾಣುತ್ತದೆ. ಹಗಲೆಲ್ಲ ಪಾಚಿ ನೀರಿಗೆ ಆಮ್ಲಜನಕ ಜಮೆ ಮಾಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಜಮೆ ಮಾಡಿದ್ದನ್ನು ಹಿಂಪಡೆಯುತ್ತದೆ. ಬೆಳಗಿನ ಜಾವಕ್ಕೆ ಖಾತೆಯಲ್ಲಿ ಕನಿಷ್ಠ ಶಿಲ್ಕೂ ಇರುವುದಿಲ್ಲ. ಆ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವೆ. ವಾಕಿಂಗಿಗೆ ಬಂದವರು "ಪಾಪ, ಹಸಿವು" ಎಂದು ಬ್ರೆಡ್ ಎಸೆಯುತ್ತಾರೆ. ತಿನ್ನದೆ ಉಳಿದ ಬ್ರೆಡ್ ಕೊಳೆಯಲು ಇನ್ನಷ್ಟು ಆಮ್ಲಜನಕ ಬೇಕು. ಕೊನೆಗೆ ಮುಂಗಾರಿಗೆ ಮೊದಲಿನ ಒಂದು ಜೋರು ಮಳೆ ಬಂದು ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತಿದ್ದ ಕೊಳಕನ್ನೆಲ್ಲ ಒಮ್ಮೆಗೇ ಕೆರೆಗೆ ತಳ್ಳಿ, ತಳದ ಕೆಸರನ್ನೂ ಕಲಕಿಬಿಟ್ಟರೆ ಬ್ಯಾಂಕೇ ಮುಳುಗಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ಸತ್ತ ಮೀನುಗಳು ಬೆಳ್ಳಗೆ ರಾಶಿ ಬಿದ್ದದ್ದನ್ನು ಇಡೀ ನಗರ ಪತ್ರಿಕೆಯಲ್ಲಿ ನೋಡಿತು. ನಮ್ಮ ಕೆರೆಯಲ್ಲಿ ಅಷ್ಟು ದೊಡ್ಡ ಸುದ್ದಿ ಆಗಿಲ್ಲ. ಸಣ್ಣ ಸುದ್ದಿ ಆದಾಗಲೆಲ್ಲ ಗುಂಪಿನಲ್ಲಿ, "ಇವತ್ತು ವಾಸನೆ ಯಾಕೆ? ಮೇಂಟೆನೆನ್ಸ್ ಏನು ಮಾಡ್ತಿದ್ದಾರೆ?" ಎಂಬ ಸಂದೇಶ ಬರುತ್ತದೆ. ಮೀನು ಸಾಯುವುದೂ ಮೇಂಟೆನೆನ್ಸಿನ ಬೇಜವಾಬ್ದಾರಿಯೇ.

ಬೇಸಿಗೆಯ ಸಂಜೆಗಳಿಗೆ ಇನ್ನೊಂದು ಸೌಲಭ್ಯವಿದೆ. ದೀಪ ಹಾಕಿದ್ದೇ ತಡ, ಸೊಳ್ಳೆಯಂಥ ಹುಳುಗಳು ಮೋಡದ ಹಾಗೆ ಬಂದು ಬಾಲ್ಕನಿಯ ಗೋಡೆಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತವೆ. ಮೊದಲ ವರ್ಷ ಡೆಂಗ್ಯೂ ಎಂದು ಗದ್ದಲವೆದ್ದಿತು; ಹೊಗೆ ಹಾಕುವವರನ್ನು ಕರೆಸಿದರು. ನಿಜಕ್ಕೂ ಅವು ಕಚ್ಚಲಾರದ ಹುಳುಗಳು. ರೆಕ್ಕೆ ಬಂದ ಮೇಲೆ ಕೆಲವೇ ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮರಿಹುಳು ಕೆರೆಯ ಕೆಸರಿನಲ್ಲಿ ಕೊಳೆತದ್ದನ್ನು ತಿಂದು ಬೆಳೆಯುತ್ತದೆ. ಆಮ್ಲಜನಕ ಕಮ್ಮಿಯಿರುವ ಕೆಸರಿನಲ್ಲಿ ಬದುಕಲು ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಂಪು ಬಣ್ಣ. ಅವು ವಿಪರೀತವಾಗಿ ಬಂದರೆ ಕೆರೆಯ ತಳದಲ್ಲಿ ಕೊಳಕು ವಿಪರೀತವಾಗಿದೆ ಎಂದೇ ಅರ್ಥ. ಹೊಗೆ ಹಾಕಿದರೆ ಸೊಳ್ಳೆ ತಿನ್ನುವ ಏರೋಪ್ಲೇನ್ ಚಿಟ್ಟೆಗೂ ಪೆಟ್ಟು. ಸಂಜೆ ಒಂದೆರಡು ಗಂಟೆ ಬಾಲ್ಕನಿ ದೀಪ ಆರಿಸಿದರೆ ಸಾಕೆಂದು ನಾನು ಸಭೆಯಲ್ಲಿ ಹೇಳಿದೆ. ಯಾರೂ ಒಪ್ಪಲಿಲ್ಲ. ಇಷ್ಟು ದುಡ್ಡು ಕೊಟ್ಟು ಬಂದಿರುವುದು ಕೆರೆಗಾದರೂ ಕಾಣಬೇಡವೇ?

ಜೂನಿನಲ್ಲಿ ಕಪ್ಪೆಗಳು. ಮೊದಲ ಮಳೆಯ ರಾತ್ರಿ ಗಂಡುಕಪ್ಪೆಗಳು ಗಂಟಲ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯಲು ಶುರುಮಾಡಿದರೆ ಬೆಳಗಿನವರೆಗೆ ನಿಲ್ಲಿಸುವುದಿಲ್ಲ. ಅಮೆರಿಕದ ಆಫೀಸಿನ ಜೊತೆ ರಾತ್ರಿ ಮೀಟಿಂಗ್ ಮಾಡುವ ಮೇಲಿನ ಮನೆಯ ಹುಡುಗ ದೂರು ಕೊಟ್ಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ ಎಂಬ ಕಾನೂನನ್ನೂ ಉಲ್ಲೇಖಿಸಿದ್ದ. ನಮ್ಮ ಮ್ಯಾನೇಜರ್ ಬುದ್ಧಿವಂತ. "ವಿಷಯ ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಎಂದು ಉತ್ತರ ಬರೆದ. ಸಂಬಂಧಪಟ್ಟವರು ಆ ರಾತ್ರಿಯೂ ಕೂಗಿದರು. ನನಗಂತೂ ಆ ಸದ್ದಿನಲ್ಲಿ ಬರುವ ನಿದ್ದೆ ಬೇರೆ ಯಾವುದರಲ್ಲೂ ಬರುವುದಿಲ್ಲ. ನಮ್ಮೂರಿನಲ್ಲಿ ಎಷ್ಟೋ ವರ್ಷ ಕಪ್ಪೆಗಳೇ ಕೂಗಿರಲಿಲ್ಲ.

ಚಳಿಗಾಲದ ಅತಿಥಿಗಳ ಬಗ್ಗೆ ದೂರು ಕಡಿಮೆ. ಕೊಕ್ಕಿನ ಕೆಳಗೆ ಚೀಲ ಇಳಿಬಿಟ್ಟುಕೊಂಡು ಹೆಜ್ಜಾರ್ಲೆಗಳು ಬರುತ್ತವೆ. ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತವೆ. ಹಣೆಗೆ ಬಿಳಿ ಹಚ್ಚಿಕೊಂಡ ನಾಮದ ಕೋಳಿಗಳು ಗುಂಪುಗುಂಪಾಗಿ ಈಜುತ್ತವೆ. ಗುಳುಮುಳುಕ ಇಲ್ಲಿ ಮುಳುಗಿ ಎಲ್ಲೋ ಏಳುತ್ತದೆ. ಅದು ಎಲ್ಲಿ ಏಳುತ್ತದೆಂದು ಪಂದ್ಯ ಕಟ್ಟುವುದು ನನ್ನ, ನನ್ನ ಹೆಂಡತಿಯ ಬೆಳಗಿನ ಆಟ. ಬಾರದವಳು ನೇರಳೆ ಜಂಬುಕೋಳಿ. ಅದಕ್ಕೆ ಜೊಂಡು ಬೇಕು, ಆಪು ಬೇಕು. ಅಂಚಿನ ಜೊಂಡು ಕೆಳಗಿನ ಮಹಡಿಗಳ ಲೇಕ್ ವ್ಯೂ ಮರೆಮಾಡುತ್ತದೆಂದು ನಮ್ಮ ಸಂಘ ಯಂತ್ರ ತರಿಸಿ ಕೀಳಿಸಿತು. ಆ ಜಾಗದಲ್ಲಿ ಹುಲ್ಲುಹಾಸು ಬಂತು, ಹುಲ್ಲಿಗೆ ಗೊಬ್ಬರ ಬಂತು, ಗೊಬ್ಬರ ಮಳೆಗೆ ಕರಗಿ ಕೆರೆಗೆ ಹೋಯಿತು, ಕೆರೆ ಇನ್ನೂ ಹಸಿರಾಯಿತು. ಜಕ್ಕೂರು ಕೆರೆಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡಿನ ಜೌಗಿನಲ್ಲಿ ನಿಧಾನವಾಗಿ ಹಾದು, ತನ್ನಲ್ಲಿ ಉಳಿದ ಸಾರಜನಕ, ರಂಜಕವನ್ನು ಗಿಡಗಳಿಗೆ ಕೊಟ್ಟು ಆಮೇಲೆ ಕೆರೆ ಸೇರುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೂಡಿ ಎಬ್ಬಿಸಿದ್ದಾರೆ. ಕೆರೆಯ ಎದುರು ಮನೆಯಿರುವವರು ಕೆರೆಗೆ ಬೇಕಾದವರೂ ಆಗಬಹುದು ಎಂಬುದಕ್ಕೆ ಬೆಂಗಳೂರಿನಲ್ಲಿ ಸಾಕ್ಷಿ ಇಲ್ಲದೆ ಇಲ್ಲ.

ನಮ್ಮದು ಸಣ್ಣ ಕೆರೆ. ನಮ್ಮ ನೀರು ಸಾಲು ಹಿಡಿದು ಹೋಗಿ ಸೇರುವುದು ಬೆಳ್ಳಂದೂರಿಗೆ. ಸುಮಾರು 900 ಎಕರೆಯ ಆ ಹಿರಿಯ ಕೆರೆಯ ಪ್ರತಾಪವನ್ನು ನಾವು ದೂರದಿಂದಲೇ ಭಯಭಕ್ತಿಯಿಂದ ಓದುತ್ತಿದ್ದೆವು. ಮಾರ್ಜಕಗಳ ನೊರೆ ಹುಟ್ಟಿಸುವ ಅಂಶ ಪೂರ್ತಿ ಕೊಳೆಯದೆ ಕೆಸರಿನಲ್ಲಿ ಕೂತಿರುತ್ತದೆ. ಮಳೆಗೆ ನೀರು ಏರಿ ಕೋಡಿಯಿಂದ ಧುಮುಕಿದಾಗ ಗಾಳಿ ಬೆರೆತು ನೊರೆ ಏಳುತ್ತದೆ. ಕೆಳಗಿನ ವರ್ತೂರು ಕೆರೆಯಲ್ಲೂ ಅದೇ ಕಥೆ. ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಂಡದ್ದರ ಚಿತ್ರ ದೇಶವಿದೇಶದ ಪತ್ರಿಕೆಗಳಲ್ಲಿ ಬಂತು. 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ತಳದಲ್ಲಿ ಗಾಳಿಯಿಲ್ಲದೆ ಕೊಳೆತು ಏಳುವ ಮೀಥೇನ್, ಮೇಲೆ ಒಣಗಿದ ಕಳೆ, ಅಂಚಿನಲ್ಲಿ ಕಸ. 2018ರ ಜನವರಿಯ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದರೆ ಯಾವುದರಿಂದ ಆರಿಸುವುದು ಎಂಬ ನನ್ನ ಮೊಮ್ಮಗಳ ಪ್ರಶ್ನೆಗೆ ಇಂದಿಗೂ ಉತ್ತರ ಹುಡುಕುತ್ತಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಗೆ. ರಾಜಕಾಲುವೆಯ ಮೈಮೇಲೆ, ಕೆರೆಗಳ ಮಗ್ಗುಲಲ್ಲಿ ಎದ್ದ ಬಡಾವಣೆಗಳಿಗೆ ನೀರು ನುಗ್ಗಿ, ಕೋಟಿ ಬಾಳುವ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಅಲ್ಲಿಯವರೆಗೆ ಅವರು ಕೆರೆ ನೋಡುತ್ತಿದ್ದರು. ಆ ವಾರ ಕೆರೆ ಅವರನ್ನು ನೋಡಿಕೊಂಡು ಹೋಯಿತು.

ಕೆರೆಗೂ ಮನೆಗೂ ಎಷ್ಟು ಅಂತರ ಇರಬೇಕೆಂಬುದಕ್ಕೆ ಕಾನೂನೂ ಇದೆ. ‘ಪರಿಷ್ಕೃತ ಮಹಾಯೋಜನೆ–2015’ ಕೆರೆಯಂಚಿನಿಂದ 30 ಮೀಟರ್ ಬಿಡಬೇಕೆಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿ ಮತ್ತೆ 30 ಮೀಟರಿಗೆ ತಂದಿತು. ಈ ನಡುವಿನ ಕಾಲದಲ್ಲಿ ನಮ್ಮಲ್ಲಿ ಭೂಗೋಳವೇ ಬದಲಾಯಿತು. "ಬಾಲ್ಕನಿಯಿಂದ ಕೈ ಚಾಚಿದ್ರೆ ನೀರು ಸಿಗುತ್ತೆ" ಎಂದು ನೆಂಟರಿಗೆ ಹೇಳುತ್ತಿದ್ದವರೇ "ಅಯ್ಯೋ, ಕೆರೆ ಅಲ್ಲೆಲ್ಲೋ ಇದೆ ಕಣ್ರೀ, ಸರಿಯಾಗಿ ಕಾಣೋದೂ ಇಲ್ಲ" ಎನ್ನತೊಡಗಿದರು. ತೀರ್ಪು ಬಂದ ಸಂಜೆ ಕೆರೆ ಮತ್ತೆ ಹತ್ತಿರಕ್ಕೆ ಬಂತು.

ಇಷ್ಟೆಲ್ಲ ಇದ್ದರೂ ಕೆರೆಯ ವಿಷಯ ನನಗೆ ಬಾಲ್ಕನಿಯಷ್ಟೇ ದೂರದ್ದಾಗಿತ್ತು. ಅದು ಮನೆಯೊಳಗೆ ಬಂದದ್ದು ಊರಿನಲ್ಲಿರುವ ಚಿಕ್ಕಪ್ಪನಿಂದ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪಂಪಿನಲ್ಲಿ ಕೋಲಾರ ಸೀಮೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರದ ಕೆರೆ. ಯೋಜನೆಯ ಪಟ್ಟಿಯಲ್ಲಿ 126 ಕೆರೆಗಳಿದ್ದವು. ಸರದಿ ಬಂದು ನಮ್ಮೂರ ಕೆರೆಗೂ ನೀರು ಬಂದ ದಿನ ಚಿಕ್ಕಪ್ಪ ಫೋನು ಮಾಡಿದರು.

"ಲೋ, ನಿಮ್ಮ ನೀರು ಬಂತು ಕಣೋ."

"ನಮ್ಮ ನೀರು ಯಾವುದು ಚಿಕ್ಕಪ್ಪ?"

"ಇನ್ಯಾವ್ದು? ನೀವು ಸ್ನಾನ ಮಾಡಿ ಬಿಟ್ಟಿದ್ದು. ಕೆರೇಲಿ ನಿಂತೈತೆ. ಬಾ, ನೋಡ್ಕೊಂಡ್ ಹೋಗು."

ಮಳೆಗಾಲ ಎಷ್ಟೋ ಬಾರಿ ತುಂಬಿಸದ ಕೆರೆಯನ್ನು ನಾನು ಬೆಂಗಳೂರಿನಲ್ಲಿ ಕೂತು ಫ್ಲಷ್ ಎಳೆದೆಳೆದು ತುಂಬಿಸಿದ್ದೆ. ಬಾಲ್ಯದಲ್ಲಿ ಯಾವ ನೀರಿಗಾಗಿ ಆಕಾಶ ನೋಡುತ್ತಿದ್ದೆವೋ ಆ ನೀರು ಈಗ ಕಾವೇರಿ ಕೊಳ್ಳವನ್ನು ಬಿಟ್ಟು ಬಂದು, ನನ್ನ ಬಚ್ಚಲಿನಿಂದ ಹೊರಟು, ಪಾಲಾರ್, ದಕ್ಷಿಣ ಪಿನಾಕಿನಿ ಕಡೆಯ ಕೆರೆಗಳಿಗೆ ಹೋಗುತ್ತಿದೆ. ನನಗೆ ಹೆಮ್ಮೆಯೂ ಆಯಿತು, ಯಾರಿಗೂ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಚಿಕ್ಕಪ್ಪನ ಬತ್ತಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂತು. ಹಿಪ್ಪುನೇರಳೆ ಚಿಗುರಿತು, ಟೊಮೇಟೊ ನಾಟಿಯಾಯಿತು. ಅದರ ಜೊತೆಗೇ ಈ ನೀರಿನಲ್ಲಿ ಏನೇನು ಉಳಿದಿದೆಯೋ, ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬ ಒತ್ತಾಯವೂ ಆ ಭಾಗದಲ್ಲಿ ಎದ್ದಿತು, ಇಂದಿಗೂ ನಿಂತಿಲ್ಲ. ಚಿಕ್ಕಪ್ಪನದು ಇನ್ನೂ ನೇರ ಮಾರ್ಗ. "ಸೋಪಿನ ಪುಡಿ ವಸಿ ಕಮ್ಮಿ ಹಾಕ್ಕೊಳ್ಳಿ ಅಂತ ನಿನ್ನ ಹೆಂಡ್ತಿಗೆ ಹೇಳು" ಎಂದರು. ಹೇಳಿದೆ. "ಮಾವನೋರು ಕೋಲಾರದಲ್ಲಿ ಕೂತು ನಮ್ಮನೆ ವಾಷಿಂಗ್ ಮೆಷಿನ್ ನೋಡ್ತಾರಾ?" ಎಂದಳು. ಆದರೂ ಅಂದಿನಿಂದ ಅವಳ ಅಳತೆ ಚಮಚ ಅರ್ಧಕ್ಕೇ ನಿಲ್ಲುತ್ತದೆ.

ಕಳೆದ ಸುಗ್ಗಿಯ ನಂತರ ಚಿಕ್ಕಪ್ಪ ನಮ್ಮಲ್ಲಿಗೆ ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಹೆಗಲ ಮೇಲೆ ರಾಗಿಯ ಚೀಲ. ಬಾಲ್ಕನಿಗೆ ಕರೆದುಕೊಂಡು ಹೋಗಿ ದಲ್ಲಾಳಿ ನನಗೆ ತೋರಿಸಿದ್ದನ್ನೆಲ್ಲ ನಾನು ಅವರಿಗೆ ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ ಕೇಳಿದರು:

"ತೂಬು ಎಲ್ಲೈತೆ?"

ಗೊತ್ತಿಲ್ಲ ಎಂದೆ.

"ಕೋಡಿ ಯಾವ ಕಡೆ?"

ಆ ಗೋಡೆಯ ಆಚೆ ಇರಬಹುದು ಎಂದೆ.

"ಹೂಳು ಯಾವಾಗ ಎತ್ತಿದ್ರು? ಮಣ್ಣು ಯಾರ ಹೊಲಕ್ಕೆ ಹೋಯ್ತು?"

ಸುಮ್ಮನಿದ್ದೆ.

"ನೀರುಗಂಟಿ ಯಾರು?"

ಈ ಅಪಾರ್ಟ್‌ಮೆಂಟಿನಲ್ಲಿ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಖಜಾಂಚಿ, ಸಾಂಸ್ಕೃತಿಕ ಸಮಿತಿ, ಸಾಕುಪ್ರಾಣಿಗಳ ಸಮಿತಿ, ಪಾರ್ಕಿಂಗ್ ಸಮಿತಿ ಎಲ್ಲವೂ ಇವೆ. ನೀರುಗಂಟಿ ಇಲ್ಲ. ನಮ್ಮೂರಿನಲ್ಲಿ ಯಾರ ಗದ್ದೆಗೆ ಎಷ್ಟು ನೀರು, ತೂಬು ಯಾವಾಗ ಎತ್ತಬೇಕು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ ಎಲ್ಲವನ್ನೂ ನೋಡಿಕೊಳ್ಳುವವನು ಅವನೇ. ಸುಗ್ಗಿಯಲ್ಲಿ ರಾಶಿ ಮನೆಗೆ ಹೋಗುವ ಮುಂಚೆ ಕಣದಲ್ಲೇ ಅವನ ಪಾಲು ಎತ್ತಿಡಬೇಕು. ಅವನು ಊರ ಕೇರಿಯ ಆಚೆಯವನು. ಪಾಲು ಮೊದಲು ಸಿಕ್ಕರೂ ಗೌರವ ಕೊನೆಗೇ ಸಿಗುತ್ತಿತ್ತು ಎಂಬುದನ್ನು ಮರೆತು ಹಳೆಯದನ್ನೆಲ್ಲ ಹೊಗಳಬಾರದು. ಆದರೂ ಕೆರೆಯ ಕೆಳಗೆ ಜಮೀನಿದ್ದವರಿಗೆಲ್ಲ ಕೆರೆಯ ಕೆಲಸದಲ್ಲಿ ಪಾಲಿತ್ತು. ಕೆರೆಯ ಮೇಲೆ ಮನೆಯಿರುವ ನಮಗೆ ಅದರ ನೋಟದಲ್ಲಿ ಮಾತ್ರ ಪಾಲು.

"ನಿಮ್ಮ ಮನೆ ನೀರು ಹೊರಗೆ ಬಿಡೋನು ಯಾರಾದ್ರೂ ಇರ್ಬೇಕಲ್ಲ?" ಎಂದರು ಚಿಕ್ಕಪ್ಪ. ಅವರನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದೆ. ದೊಡ್ಡ ಅಪಾರ್ಟ್‌ಮೆಂಟುಗಳಿಗೆಲ್ಲ ಇರುವಂತೆ ನಮಗೂ ಸ್ವಂತ ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ, ಇದೆ. ಕಾರುಗಳ ಸಾಲಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಬ್ಬಿಣದ ಬಾಗಿಲಿನ ಒಳಗೆ. ಅದನ್ನು ನೋಡಿಕೊಳ್ಳುವ ಹುಡುಗ ಒಡಿಶಾದ ಕೊರಾಪುಟ್ ಕಡೆಯವನು. ಆಂಧ್ರದ ಗಡಿಯಾದ್ದರಿಂದ ಅವನಿಗೆ ತೆಲುಗು ಬರುತ್ತದೆ; ಕೋಲಾರದವರಾದ್ದರಿಂದ ಚಿಕ್ಕಪ್ಪನಿಗೂ ಬರುತ್ತದೆ. ಬೆಂಗಳೂರಿನ ನೆಲದಡಿಯಲ್ಲಿ ಇಬ್ಬರೂ ತೆಲುಗಿನಲ್ಲಿ ಕೊಳಚೆ ನೀರಿನ ಬಗ್ಗೆ ಮಾತಿಗಿಳಿದರು.

ಆ ಹುಡುಗನಿಗೆ ನಮ್ಮ ಅಪಾರ್ಟ್‌ಮೆಂಟಿನ ಪಂಚಾಂಗವೇ ಗೊತ್ತಿತ್ತು. ಶನಿವಾರ, ಭಾನುವಾರ ತೊಟ್ಟಿಯಲ್ಲಿ ನೊರೆ ಉಕ್ಕುತ್ತದೆ, ಅವತ್ತು ಎಲ್ಲರ ಮನೆಯಲ್ಲೂ ಬಟ್ಟೆ. ದೀಪಾವಳಿಯ ಮರುದಿನ ಕರಿದ ಎಣ್ಣೆ ಮೇಲೆ ತೇಲುತ್ತದೆ. ಹಬ್ಬದ ಮುಂಚೆ ಬಚ್ಚಲು ತೊಳೆಯಲು ಆಸಿಡ್, ಬ್ಲೀಚಿಂಗ್ ಸುರಿದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಮತ್ತೆ ಬೆಳೆಯಲು ದಿನಗಳು ಹಿಡಿಯುತ್ತವೆ. ಆ ಬ್ಯಾಕ್ಟೀರಿಯಾಗಳಿಗೆ ಹಗಲೂ ರಾತ್ರಿ ಗಾಳಿ ಬೇಕು. ಕರೆಂಟ್ ಬಿಲ್ ಜಾಸ್ತಿಯಾಯಿತೆಂದು ರಾತ್ರಿ ಗಾಳಿಯಂತ್ರ ನಿಲ್ಲಿಸಲು ಅವನಿಗೆ ಮೌಖಿಕ ಆದೇಶವಿತ್ತು. "ನಿಲ್ಸಿದ್ರೆ ನೀರು ಹಾಗೇ ಹೋಗುತ್ತೆ" ಎಂದ ಹುಡುಗ. "ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಗೊತ್ತಿಲ್ಲ."

"ನನ್ ತಾವ್ಕೆ" ಎಂದರು ಚಿಕ್ಕಪ್ಪ.

ಆ ತಿಂಗಳ ಮಹಾಸಭೆಯಲ್ಲಿ ನಾನು ಎರಡು ಮಾತು ಮಂಡಿಸಿದೆ. ಗಾಳಿಯಂತ್ರ ರಾತ್ರಿಯೂ ನಡೆಯಬೇಕು. ಅದರ ಖರ್ಚನ್ನು ಕೆರೆ ಕಾಣುವ ಮನೆಯವರು ಚದರಡಿ ಲೆಕ್ಕದಲ್ಲಿ ಕೊಡಬೇಕು. ಬಿಲ್ಡರಿಗೆ ನೋಟಕ್ಕಾಗಿ ಕೊಟ್ಟವರು ಕೆರೆಗೂ ಸ್ವಲ್ಪ ಕೊಡಲಿ. ರಸ್ತೆ ಕಡೆಯ ಮನೆಗಳವರು ಒಬ್ಬರೂ ಬಿಡದೆ ಕೈ ಎತ್ತಿದರು. ಪರಿಸರ ಪ್ರಜ್ಞೆ ಅಷ್ಟು ವೇಗವಾಗಿ ಹರಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆರೆ ಕಡೆಯವರಲ್ಲಿ ಒಬ್ಬರು ಎದ್ದು, ತಮ್ಮ ಮಲಗುವ ಕೋಣೆಯಿಂದ ಕೆರೆ ಅರ್ಧ ಮಾತ್ರ ಕಾಣುತ್ತದೆ, ಆದ್ದರಿಂದ ಅರ್ಧ ರಿಯಾಯಿತಿ ಬೇಕೆಂದರು. ಇನ್ನೊಬ್ಬರು ನೀರು ಕೋಲಾರಕ್ಕೆ ಹೋಗುವುದಾದರೆ ಕೋಲಾರದವರೇ ಕೊಡಲಿ ಎಂದರು. ಚರ್ಚೆ ಊಟದ ಹೊತ್ತಿನವರೆಗೆ ನಡೆದು, ಹಸಿವಿನ ಒತ್ತಡದಲ್ಲಿ ಮೊದಲ ಮಾತು ಪಾಸಾಯಿತು. ಗಾಳಿಯಂತ್ರ ಈಗ ರಾತ್ರಿಯೂ ನಡೆಯುತ್ತದೆ. ಖರ್ಚು ಯಾರದೆಂಬುದಕ್ಕೆ ಉಪಸಮಿತಿ ರಚನೆಯಾಗಿದೆ.

ಚಿಕ್ಕಪ್ಪ ಊರಿಗೆ ಹೊರಡುವ ಮುಂಚೆ ರಾಗಿ ಚೀಲ ಬಿಚ್ಚಿ ಸೇರಿನಲ್ಲಿ ಅಳೆದು ಒಂದು ಪಾಲು ಬೇರೆ ಮಾಡಿದರು. ನಾನು ನಮ್ಮದೆಂದುಕೊಂಡು ಡಬ್ಬ ತಂದೆ. "ನಿಂದಲ್ಲ, ಇದು ನೀರುಗಂಟಿದು" ಎಂದು ನೆಲಮಾಳಿಗೆಗೆ ನಡೆದರು. ರಾಗಿ ಮಳೆಗೆ ಬೆಳೆದದ್ದು, ಕೆರೆಯ ನೀರು ಕುಡಿದದ್ದು ಟೊಮೇಟೊ ಎಂದು ನಾನು ಕಾನೂನು ತೆಗೆದೆ. "ನೀರುಗಂಟಿಗೆ ಟೊಮೇಟೊ ಕೊಟ್ಟೋರನ್ನ ಎಲ್ಲಾದ್ರೂ ಕಂಡಿದ್ದೀಯ?" ಎಂದು ಬಾಯಿ ಮುಚ್ಚಿಸಿದರು. ಕೊರಾಪುಟ್ಟಿನಲ್ಲೂ ರಾಗಿಯೇ ಊಟ, ಹುಡುಗನಿಗೆ ವಿವರಿಸಬೇಕಾಗಲಿಲ್ಲ. ಬರುವ ಸುಗ್ಗಿಗೆ ನೀರು ಇನ್ನೂ ತಿಳಿಯಾಗಿದ್ದರೆ ಎರಡು ಸೇರು ಹೆಚ್ಚು ಎಂಬ ಕರಾರೂ ತೆಲುಗಿನಲ್ಲಿ ಆಯಿತು.

ಇದು ಸಂಘದ ಕಿವಿಗೆ ಬಿದ್ದು, ಹೊರಗಿನವರು ನಮ್ಮ ಸಿಬ್ಬಂದಿಗೆ ಧಾನ್ಯ ರೂಪದಲ್ಲಿ ಸಂಬಳ ಕೊಡಬಹುದೇ ಎಂದು ಖಜಾಂಚಿ ಲಿಖಿತ ವಿವರಣೆ ಕೇಳಿದ್ದಾರೆ. ಅವರು ಹೊರಗಿನವರಲ್ಲ, ನಮ್ಮ ನೀರಿನ ಕೆಳಗಿನ ಮನೆಯವರು ಎಂದು ಉತ್ತರ ಕೊಟ್ಟಿದ್ದೇನೆ. ರಾಗಿಯನ್ನು ಯಾವ ತಲೆಬರಹದಡಿ ಜಮೆ ಮಾಡಬೇಕೆಂಬುದು ಅದೇ ಉಪಸಮಿತಿಯ ಮುಂದಿದೆ. ಹುಡುಗ ಮಾತ್ರ ಅದನ್ನು ಆಗಲೇ ಹಿಟ್ಟು ಮಾಡಿಸಿಕೊಂಡಿದ್ದಾನೆ.